ಹೋಬಳಿಗೊಂದು ಮೇಜು: ಸರ್ಕಾರಿ ನೌಕರರ ನಾಯಕತ್ವ ಸಮ್ಮೇಳನವನ್ನು ನಾವು ಕಟ್ಟಿದ ಬಗೆ

ಐದು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ನೌಕರರಿಗಾಗಿ ನಡೆದ ಮೊದಲ ನಾಯಕತ್ವ ಸಮ್ಮೇಳನದ ಹಾಜರಾತಿ ವಹಿ ಕಚೇರಿಯ ಕಪಾಟಿನಲ್ಲಿ ಇಂದಿಗೂ ಇದೆ. ಅದರಲ್ಲಿ 204 ಸಹಿಗಳಿವೆ. ಅಂದು ಮಧ್ಯಾಹ್ನ ಮೂರು ಗಂಟೆಗೆ ಸಭಾಂಗಣದ ಹಿಂದಿನ ಬಾಗಿಲ ಬಳಿ ನಿಂತು ನಾನು ಎಣಿಸಿದಾಗ ಕುರ್ಚಿಗಳಲ್ಲಿ ಉಳಿದಿದ್ದವರು 58 ಮಂದಿ. ಹೋಟೆಲ್ಲಿನ ದೊಡ್ಡ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದೆವು, ಮುಖ್ಯರಸ್ತೆಯಲ್ಲಿ ಫ್ಲೆಕ್ಸ್ ಕಟ್ಟಿಸಿದ್ದೆವು, ದೊಡ್ಡ ದೊಡ್ಡ ಕಂಪನಿಗಳ ಮುಖ್ಯಸ್ಥರ ಯಶೋಗಾಥೆಗಳನ್ನು ಸೊಗಸಾಗಿ ಹೇಳಬಲ್ಲ ಭಾಷಣಕಾರರನ್ನು ಬೆಂಗಳೂರಿನಿಂದ ಕರೆಸಿದ್ದೆವು. ಗೇಟಿನ ಬಳಿ ಬೈಕ್ ಹತ್ತುತ್ತಿದ್ದ ಗ್ರಾಮ ಆಡಳಿತ ಅಧಿಕಾರಿಯೊಬ್ಬರನ್ನು ತಡೆದು ಕೇಳಿದೆ. ಅವರು ಬಹಳ ವಿನಯದಿಂದಲೇ, ‘ಸರ್, ಸಂಜೆಯೊಳಗೆ ಎರಡು ಸ್ಥಳ ಪರಿಶೀಲನಾ ವರದಿ ಹಾಕಬೇಕು. ಇವತ್ತು ತಪ್ಪಿದರೆ ಸಕಾಲ ಯೋಜನೆಯಲ್ಲಿ ಅವಧಿ ಮೀರಿದ ಅರ್ಜಿ ಅಂತ ನನ್ನ ಹೆಸರಿಗೆ ಬೀಳುತ್ತೆ’ ಎಂದರು. ಅವರು ಮನೆಗೆ ಹೋಗುತ್ತಿರಲಿಲ್ಲ, ಕೆಲಸಕ್ಕೆ ಹೋಗುತ್ತಿದ್ದರು. ನಾಯಕತ್ವದ ಬಗ್ಗೆ ನಾವು ಏರ್ಪಡಿಸಿದ್ದ ಉಪನ್ಯಾಸಕ್ಕಿಂತ ತಮ್ಮ ಕೈಯಲ್ಲಿದ್ದ ಎರಡು ಅರ್ಜಿಗಳೇ ಅವರಿಗೆ ಮುಖ್ಯವಾಗಿದ್ದವು; ಅದು ಸರಿಯಾದ ತೀರ್ಮಾನವೇ ಆಗಿತ್ತು ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನಾನು ತರಬೇತಿಯ ಕೆಲಸದಲ್ಲಿರುವವನು. ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿರುವ ಆಡಳಿತ ತರಬೇತಿ ಸಂಸ್ಥೆಯ ವಿಷಯ ಗೊತ್ತಿರುವವರಿಗೆ ಜಿಲ್ಲೆಗಳಲ್ಲಿರುವ ತರಬೇತಿ ಸಂಸ್ಥೆಗಳ ಪರಿಚಯವೂ ಇರುತ್ತದೆ. ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕರಿಗೆ ಕಡತ ನಿರ್ವಹಣೆ ಕಲಿಸುವುದರಿಂದ ಹಿಡಿದು ಮಾಹಿತಿ ಹಕ್ಕು ಕಾಯ್ದೆಯ ತರಬೇತಿಯವರೆಗೆ ಎಲ್ಲವೂ ಇಂಥ ಕಡೆಗಳಲ್ಲಿ ನಡೆಯುತ್ತದೆ. ಆ ಮೊದಲ ಸಮ್ಮೇಳನದ ನಂತರ ಎರಡು ವರ್ಷ ನಾವು ಆ ಹೆಸರನ್ನೇ ಎತ್ತಲಿಲ್ಲ. ಆಮೇಲೆ ಹೊಸದಾಗಿ ಯೋಚಿಸಿ ಮಾಡಿದ ಸಮ್ಮೇಳನ, ಅದರ ಮರುವರ್ಷದ್ದು, ಹೀಗೆ ಎರಡು ಆವೃತ್ತಿಗಳು ಮುಗಿದಿವೆ. ಬೇರೆ ಜಿಲ್ಲೆಗಳ ಸಹೋದ್ಯೋಗಿಗಳು ಆಗಾಗ ಕರೆ ಮಾಡಿ ಕಾರ್ಯಕ್ರಮ ಪಟ್ಟಿ ಕಳಿಸಿ ಎಂದು ಕೇಳುತ್ತಾರೆ. ಪಟ್ಟಿ ಕಳಿಸುವುದು ಸುಲಭ. ಆದರೆ ಸಮ್ಮೇಳನ ನಿಲ್ಲುವುದೂ ಬೀಳುವುದೂ ಆ ಪಟ್ಟಿಯಿಂದಲ್ಲ, ಯಾರನ್ನು ಕರೆಯುತ್ತೇವೆ, ಏನು ಹೇಳಿ ಕರೆಯುತ್ತೇವೆ ಎಂಬುದರಿಂದ ಎಂದು ನಾನು ನಂಬಿರುವುದರಿಂದ, ಆ ಹಿಂದಿನ ಕೆಲಸವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾಯಕತ್ವ ಎಂಬ ಮಾತು ಸರ್ಕಾರಿ ಕಚೇರಿಯಲ್ಲಿ ಸಾಮಾನ್ಯವಾಗಿ ಮೇಲಧಿಕಾರಿಗಳಿಗೆ ಮೀಸಲಾದ ಮಾತು. ಜಿಲ್ಲಾಧಿಕಾರಿಗಳು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಇಲಾಖಾ ಮುಖ್ಯಸ್ಥರು ನಾಯಕರು. ಉಳಿದವರು ಅವರ ಆದೇಶ ಪಾಲಿಸುವವರು ಎಂಬ ತಿಳಿವಳಿಕೆ ನಮ್ಮೊಳಗೆ ಗಟ್ಟಿಯಾಗಿದೆ. ಇದು ಅರ್ಧ ಮಾತ್ರ ನಿಜ. ಸಕಾಲವನ್ನೇ ನೋಡಿ. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ ಕಾಯ್ದೆ 2011ರಲ್ಲಿ ಬಂದಿತು, 2012ರ ಏಪ್ರಿಲ್‌ 2ರಿಂದ ರಾಜ್ಯದಾದ್ಯಂತ ಜಾರಿಯಾಯಿತು. ಅರ್ಜಿಗೆ 15 ಅಂಕಿಗಳ ಜಿಎಸ್‌ಸಿ (ಸೇವಾ ಖಾತರಿ) ಸಂಖ್ಯೆ, ಪ್ರತಿ ಸೇವೆಗೂ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಇಷ್ಟನ್ನೂ ವಿಧಾನಸೌಧದಲ್ಲಿ ಕುಳಿತವರು ರೂಪಿಸಿದರು. ಆದರೆ ಸ್ವೀಕೃತಿ ಕೊಡುವ ಹೊತ್ತಿನಲ್ಲಿ, ‘ಅಜ್ಜಿ, ಈ ದಾಖಲೆ ಒಂದು ಕಡಿಮೆ ಇದೆ, ಈಗಲೇ ತಂದುಬಿಡಿ, ಇಲ್ಲದಿದ್ದರೆ ಅರ್ಜಿ ತಿರಸ್ಕಾರವಾಗುತ್ತೆ’ ಎಂದು ಎದುರಿಗಿದ್ದವರಿಗೆ ಹೇಳಬೇಕೋ, ಅಥವಾ ಸಂಖ್ಯೆ ಕೊಟ್ಟು ಕಳಿಸಿ ಹದಿನೈದನೆಯ ದಿನ ತಿರಸ್ಕರಿಸಬೇಕೋ ಎಂಬುದನ್ನು ತೀರ್ಮಾನಿಸುವವರು ನಾಡಕಚೇರಿಯ ಕೌಂಟರಿನಲ್ಲಿ ಕುಳಿತ ನೌಕರರು. ಎರಡೂ ನಿಯಮದ ಪ್ರಕಾರವೇ ಆಗುತ್ತದೆ, ಎರಡರಲ್ಲೂ ಗಡುವು ಮೀರುವುದಿಲ್ಲ. ಮೊದಲನೆಯದನ್ನು ಆರಿಸಿಕೊಳ್ಳುವುದನ್ನು ನಾನು ನಾಯಕತ್ವ ಎಂದು ಕರೆಯುತ್ತೇನೆ. ಸಮ್ಮೇಳನ ಯಾರಿಗಾಗಿ ಎಂಬ ಪ್ರಶ್ನೆಗೆ ಇದರಿಂದಲೇ ಉತ್ತರ ಸಿಕ್ಕಿತು.

ಹಾಗಾಗಿ ಎರಡನೆಯ ಬಾರಿ ನಾವು ಜಿಲ್ಲಾ ಮಟ್ಟದ ಅಧಿಕಾರಿಗಳ ಪಟ್ಟಿಯನ್ನು ಬದಿಗಿಟ್ಟು ಹೋಬಳಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡೆವು. ಇದು ಸಣ್ಣ ಬದಲಾವಣೆಯಂತೆ ಕಂಡರೂ ಇಡೀ ಸಮ್ಮೇಳನದ ಸ್ವರೂಪವನ್ನು ಬದಲಿಸಿದ್ದು ಇದೇ. ಒಂದು ಹೋಬಳಿಯ ಜನರಿಗೆ ಸರ್ಕಾರವೆಂದರೆ ಹತ್ತು ಹನ್ನೆರಡು ಮಂದಿ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿಗಳು, ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ, ಶಿಕ್ಷಣ ಇಲಾಖೆಯ ಸಂಪನ್ಮೂಲ ವ್ಯಕ್ತಿ, ವಿದ್ಯುತ್ ಕಂಪನಿಯ ಶಾಖಾಧಿಕಾರಿ, ವಿದ್ಯಾರ್ಥಿನಿಲಯದ ವಾರ್ಡನ್. ಇವರು ಕೆಲಸ ಮಾಡುವುದು ಒಂದೇ ಜನರಿಗಾದರೂ ಇವರ ಗಡಿಗಳು ಬೇರೆ ಬೇರೆ. ಹೋಬಳಿ ಎಂಬುದು ಕಂದಾಯ ಇಲಾಖೆಯ ಲೆಕ್ಕ. ಶಿಕ್ಷಣ ಇಲಾಖೆಗೆ ಕ್ಲಸ್ಟರ್, ಅಂಗನವಾಡಿಗೆ ವೃತ್ತ, ಆರೋಗ್ಯ ಇಲಾಖೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ, ವಿದ್ಯುತ್ತಿಗೆ ಶಾಖೆ. ಪ್ರತಿ ಇಲಾಖೆಯ ಮಾಸಿಕ ಸಭೆಯೂ ತನ್ನ ಮಟ್ಟಕ್ಕೆ ತಾನು ನಡೆಯುತ್ತದೆ. ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಲ್ಲ ಇಲಾಖೆಗಳೂ ಸೇರುತ್ತವೆ ನಿಜ, ಆದರೆ ಅದು ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಅಧಿಕಾರಿಗಳ ಸಭೆ. ಹೋಬಳಿಯ ಈ ಹತ್ತು ಹನ್ನೆರಡು ಮಂದಿ ಒಂದೇ ಮೇಜಿನ ಸುತ್ತ ಕೂರುವ ಸಂದರ್ಭ ನಮ್ಮ ವ್ಯವಸ್ಥೆಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಬ್ಬರ ಫೋನ್ ನಂಬರ್ ಇನ್ನೊಬ್ಬರಲ್ಲಿ ಇರುತ್ತದೆ, ಮುಖಪರಿಚಯ ಇರುವುದಿಲ್ಲ. ಹೋಬಳಿಗೊಂದು ದುಂಡುಮೇಜು ಹಾಕಿ ಇವರನ್ನು ಎರಡು ದಿನ ಒಟ್ಟಿಗೆ ಕೂರಿಸಬೇಕು ಎಂಬುದಷ್ಟೇ ನಮ್ಮ ಯೋಜನೆಯ ತಿರುಳಾಯಿತು.

ದಿನಾಂಕ ಗೊತ್ತು ಮಾಡಲು ಮೂರು ವಾರ ಹಿಡಿಯಿತು ಎಂದರೆ ಹೊರಗಿನವರಿಗೆ ಆಶ್ಚರ್ಯವಾಗಬಹುದು. ಏಪ್ರಿಲ್ 21ನ್ನು ಹಲವರು ಸೂಚಿಸಿದರು. 1947ರಲ್ಲಿ ಅದೇ ದಿನ ದೆಹಲಿಯ ಮೆಟ್ಕಾಫ್ ಹೌಸ್‌ನಲ್ಲಿ ಸರ್ದಾರ್ ಪಟೇಲರು ಹೊಸ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ್ದರ ನೆನಪಿಗೆ ನಾಗರಿಕ ಸೇವಾ ದಿನ ಆಚರಿಸುತ್ತಾರೆ. ಆ ದಿನಕ್ಕೆ ಅರ್ಥವಿದೆ. ಆದರೆ ಪ್ರಶಸ್ತಿ ಪ್ರದಾನ, ಸಮಾರಂಭ ಎಂದು ಆ ದಿನ ಮೊದಲೇ ತುಂಬಿರುತ್ತದೆ, ಜೊತೆಗೆ ಹಳ್ಳಿಗಳಲ್ಲಿ ಕುಡಿಯುವ ನೀರಿನ ತಾಪತ್ರಯ ಅತಿ ಹೆಚ್ಚಿರುವ ತಿಂಗಳು ಅದು. ಆ ಬಿಸಿಲಿನಲ್ಲಿ ಪಿಡಿಒಗಳನ್ನು ಊರು ಬಿಡಿಸಿ ಎರಡು ದಿನ ಕೂರಿಸುವುದು ಅನ್ಯಾಯ. ಮಾರ್ಚ್ ಬಂದರೆ ಆರ್ಥಿಕ ವರ್ಷದ ಕೊನೆ, ಬಿಲ್ಲುಗಳ ಗಡಿಬಿಡಿ. ಮೇ, ಜೂನ್‌ನಲ್ಲಿ ವರ್ಗಾವಣೆಯ ಕಾಲ, ಇಂದು ಹೆಸರು ಕೊಟ್ಟವರು ನಾಳೆ ಆ ಹುದ್ದೆಯಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಬೆಳೆ ಸಮೀಕ್ಷೆ, ಮನೆ ಹಾನಿಯ ಪರಿಶೀಲನೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಗ್ರಾಮ ಪಂಚಾಯಿತಿಗಳ ಜಮಾಬಂದಿ, ಅಂದರೆ ವಾರ್ಷಿಕ ಲೆಕ್ಕಪತ್ರಗಳ ಪರಿಶೀಲನೆ. ಡಿಸೆಂಬರ್ ಎಂದರೆ ಬೆಳಗಾವಿ ಅಧಿವೇಶನ. ಶಾಸಕರ ಪ್ರಶ್ನೆಗಳಿಗೆ ಅದೇ ದಿನ ಮಾಹಿತಿ ಕಳಿಸಬೇಕಾದಾಗ ಸಮ್ಮೇಳನದಲ್ಲಿದ್ದೇನೆ ಎಂದು ಯಾರೂ ಹೇಳಲಾಗದು. ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ತಿಂಗಳುವಾರು ಬರೆದುಕೊಂಡಾಗ ಉಳಿದದ್ದು ರಾಜ್ಯೋತ್ಸವ ಮುಗಿದ ಮೇಲಿನ ನವೆಂಬರ್ ಮೂರನೆಯ ವಾರ. ಸೋಮವಾರ ಅಹವಾಲು ಹಿಡಿದು ಬರುವ ಜನ ಹೆಚ್ಚಾದ್ದರಿಂದ ಮಂಗಳವಾರ ಮತ್ತು ಬುಧವಾರವನ್ನು ಆರಿಸಿಕೊಂಡೆವು. ಸಮ್ಮೇಳನ ಮಾಡಬೇಕೆಂದಿರುವವರು ಮೊಟ್ಟಮೊದಲು ಈ ಹಾಳೆಯನ್ನು ಬರೆದುಕೊಳ್ಳಲಿ ಎಂಬುದು ನನ್ನ ಕಳಕಳಿಯ ಸಲಹೆ. ಅತಿಥಿಗಳ ಬಿಡುವನ್ನು ನೋಡಿ ದಿನಾಂಕ ಇಡುವುದು ರೂಢಿ. ನೌಕರರ ಬಿಡುವನ್ನು ನೋಡಿ ಇಟ್ಟರೆ ಅವರನ್ನು ಗೌರವಿಸಿದ್ದೇವೆ ಎಂಬುದು ಅವರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಇನ್ನು ಪ್ರಚಾರದ ವಿಷಯ. ಸರ್ಕಾರಿ ಕಾರ್ಯಕ್ರಮಕ್ಕೆ ಪ್ರಚಾರವೇಕೆ, ಒಂದು ಸುತ್ತೋಲೆ ಹೊರಡಿಸಿದರೆ ಎಲ್ಲರೂ ಬರುತ್ತಾರಲ್ಲ ಎಂದು ನಮ್ಮ ಕಚೇರಿಯಲ್ಲೇ ಕೇಳಿದವರಿದ್ದರು. ಮೊದಲ ಬಾರಿ ಹಾಗೆಯೇ ಮಾಡಿದ್ದೆವು. ‘ತಪ್ಪದೇ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು’ ಎಂಬ ವಾಕ್ಯ ಆ ಸುತ್ತೋಲೆಯಲ್ಲಿತ್ತು, ಅದರ ಕರಡನ್ನು ಬರೆದವನು ನಾನೇ. ಬೆದರಿಕೆಯಿಂದ ಬಂದವರು ಸಹಿ ಹಾಕಿದರು, ಸಹಿ ಹಾಕಿದ ಮೇಲೆ ಬೆದರಿಕೆಯ ಅವಧಿ ಮುಗಿಯಿತು. ಆ ವಾಕ್ಯವನ್ನು ಬರೆದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ, ಏಕೆಂದರೆ ನಾಯಕತ್ವದ ಕುರಿತು ಮಾತನಾಡಲು ಕರೆಯುವ ಪತ್ರದಲ್ಲಿಯೇ ನಾವು ನೌಕರರನ್ನು ನಂಬುವುದಿಲ್ಲ ಎಂದು ಹೇಳಿಬಿಟ್ಟಿದ್ದೆವು.

ಎರಡನೆಯ ಬಾರಿ ಸಮ್ಮೇಳನಕ್ಕೆ ಹತ್ತು ವಾರ ಮೊದಲೇ, ದಿನಾಂಕವನ್ನೂ ಹೇಳದೆ, ಒಂದು ಪ್ರಶ್ನೆಯನ್ನು ಮಾತ್ರ ಹಳ್ಳಿಗಳಿಗೆ ಕಳಿಸಿದೆವು: ‘ನಿಮಗೆ ಅಧಿಕಾರ ಇದ್ದೂ, ಮಾಡಬೇಕೆಂಬ ಮನಸ್ಸಿದ್ದೂ ಮಾಡಲಾಗದೆ ಉಳಿದಿರುವ ಒಂದು ಕೆಲಸ ಯಾವುದು?’ ಉತ್ತರವನ್ನು ವಾಟ್ಸಾಪಿನಲ್ಲಿ ಕೇಳಲಿಲ್ಲ. ಇಲಾಖೆಯ ಗುಂಪಿನಲ್ಲಿ ಮೇಲಧಿಕಾರಿಗಳೂ ಇರುತ್ತಾರೆ, ಅಲ್ಲಿ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ. ವಿಳಾಸ ಮುದ್ರಿಸಿದ ಅಂಚೆ ಕಾರ್ಡುಗಳನ್ನು ತಾಲ್ಲೂಕು ಕಚೇರಿಗಳಲ್ಲಿ, ತಾಲ್ಲೂಕು ಪಂಚಾಯಿತಿಗಳಲ್ಲಿ ಇರಿಸಿದೆವು. ಹೆಸರು ಬರೆಯುವುದು ಕಡ್ಡಾಯವಲ್ಲ, ಹೋಬಳಿಯ ಹೆಸರು ಸಾಕು ಎಂದೆವು. ಮೊದಲ ವಾರ ಏಳು ಕಾರ್ಡು ಬಂದವು. ನಮ್ಮ ತಾಳ್ಮೆ ಕೆಡತೊಡಗಿತ್ತು. ಆಗ ಪ್ರತಿ ತಾಲ್ಲೂಕಿನಿಂದ ಇಬ್ಬರು ನೌಕರರನ್ನು, ಹುದ್ದೆಯಲ್ಲಿ ದೊಡ್ಡವರನ್ನಲ್ಲ, ಜೊತೆಯವರು ಕಷ್ಟಕ್ಕೆ ಫೋನ್ ಮಾಡುವಂಥವರನ್ನು, ಹುಡುಕಿ ಅವರ ಸಹಾಯ ಕೇಳಿದೆವು. ಅಂಥವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ನಿಯಮ ಯಾವುದು, ಯಾವ ನಮೂನೆ, ಯಾವ ಲೆಕ್ಕಶೀರ್ಷಿಕೆ ಎಂದು ಎಲ್ಲರೂ ಅವರನ್ನೇ ಕೇಳುತ್ತಾರೆ. ಅವರು ಬಾಯಿಮಾತಿನಲ್ಲಿ ಹೇಳತೊಡಗಿದ ಮೇಲೆ ನೂರಕ್ಕೂ ಹೆಚ್ಚು ಕಾರ್ಡುಗಳು ಬಂದವು.

ಆ ಕಾರ್ಡುಗಳನ್ನು ನಾವು ಮೂವರು ಒಂದು ಭಾನುವಾರ ಕುಳಿತು ಓದಿದೆವು. ಸ್ಮಶಾನಕ್ಕೆ ಜಾಗ ಗುರುತಿಸಿ ಎರಡು ವರ್ಷವಾದರೂ ದಾರಿ ಬಿಡಿಸಲಾಗದ ಗ್ರಾಮ ಆಡಳಿತ ಅಧಿಕಾರಿ, ವಾರ್ಡನ್ ಹುದ್ದೆಯೊಂದಿಗೆ ಇನ್ನೊಂದು ನಿಲಯದ ಪ್ರಭಾರವನ್ನೂ ಹೊತ್ತು ಯಾವ ಮಕ್ಕಳ ಜೊತೆಗೂ ರಾತ್ರಿ ಇರಲಾಗದವರು, ಹಾಲಿನ ಪುಡಿ ಬಂದರೂ ಅಂಗನವಾಡಿಯಲ್ಲಿ ನೀರಿಲ್ಲದ ಕಾರಣ ಕಾಯಿಸಲು ಪಕ್ಕದ ಮನೆಗೆ ಹೋಗಬೇಕಾದ ಕಾರ್ಯಕರ್ತೆಯ ಬಗ್ಗೆ ಬರೆದ ಮೇಲ್ವಿಚಾರಕಿ. ಒಂದು ಕಾರ್ಡಿನಲ್ಲಿ ಒಂದೇ ಸಾಲು ಇತ್ತು: ‘ಕೆಲಸ ಚೆನ್ನಾಗಿ ಆದಾಗ ಯಾರೂ ಕರೆದು ಕೇಳುವುದಿಲ್ಲ.’ ಎರಡು ದಿನಗಳ ಗೋಷ್ಠಿಗಳೆಲ್ಲ ಈ ಕಾರ್ಡುಗಳಿಂದಲೇ ಹುಟ್ಟಿದವು. ‘ಪರಿಣಾಮಕಾರಿ ಸಂವಹನ’, ‘ಒತ್ತಡ ನಿರ್ವಹಣೆ’ ಮುಂತಾದ ಸಿದ್ಧ ವಿಷಯಗಳನ್ನು ಕೈಬಿಟ್ಟು, ‘ಎರಡು ಇಲಾಖೆಗಳ ನಡುವೆ ಸಿಕ್ಕಿಬಿದ್ದ ಕೆಲಸ’, ‘ಇಲ್ಲ ಎಂದು ಹೇಳಬೇಕಾದಾಗ ಹೇಗೆ ಹೇಳುವುದು’, ‘ಸಿಬ್ಬಂದಿ ಅರ್ಧ, ಕೆಲಸ ಪೂರ್ತಿ’ ಎಂಬ ಶೀರ್ಷಿಕೆಗಳನ್ನು ಇಟ್ಟೆವು.

ಆಮೇಲೆ ಹೊರಟ ಆಹ್ವಾನ ಪತ್ರ ಒಂದೇ ಪುಟದ್ದು. ನಿಮ್ಮ ಹೋಬಳಿಯಿಂದ ಬಂದ ಕಾರ್ಡುಗಳಲ್ಲಿ ಈ ವಿಷಯಗಳಿದ್ದವು, ಇವನ್ನು ಚರ್ಚಿಸಲು ನಿಮ್ಮ ಹೋಬಳಿಯ ಈ ಹತ್ತು ಮಂದಿ ಒಂದೇ ಮೇಜಿನಲ್ಲಿ ಕೂರುತ್ತೀರಿ, ಎರಡನೆಯ ದಿನ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ, ಕೊನೆಯ ಬಸ್ಸು ತಪ್ಪುವುದಿಲ್ಲ ಎಂದು ಬರೆದೆವು. ಪತ್ರದ ಜೊತೆಗೇ ಕಚೇರಿ ಮುಖ್ಯಸ್ಥರಿಗೆ ಇನ್ನೊಂದು ಪತ್ರ ಹೋಯಿತು. ಈ ಎರಡು ದಿನ ಇವರ ಕೆಲಸವನ್ನು ಯಾರಿಗೆ ಪ್ರಭಾರ ವಹಿಸುತ್ತೀರಿ ಎಂಬುದನ್ನು ಹೆಸರು ಸಹಿತ ತಿಳಿಸಿ ಎಂದು ಅದರಲ್ಲಿ ಕೇಳಿದ್ದೆವು. ಓಓಡಿ (ಅನ್ಯ ಕಾರ್ಯ ನಿಮಿತ್ತ) ಸೌಲಭ್ಯ, ಪ್ರಯಾಣ ಭತ್ಯೆ, ದಿನಭತ್ಯೆಯನ್ನು ಆಯಾ ಕಚೇರಿಯಿಂದ ಪಡೆಯಬಹುದು ಎಂಬ ಸಾಲನ್ನು ಪತ್ರದ ಮೇಲ್ಭಾಗದಲ್ಲೇ ಹಾಕಿದೆವು. ಇವು ಸಣ್ಣ ವಿಷಯಗಳೆಂದು ಯಾರಿಗಾದರೂ ತೋರಿದರೆ, ಬೇರೆ ತಾಲ್ಲೂಕಿನಿಂದ ಬೆಳಗಿನ ಆರರ ಬಸ್ಸು ಹಿಡಿದು ಬರುವ, ಮನೆಯಲ್ಲಿ ಚಿಕ್ಕ ಮಗುವಿರುವ ಮೇಲ್ವಿಚಾರಕಿಯೊಬ್ಬರ ಜಾಗದಲ್ಲಿ ನಿಂತು ಪತ್ರವನ್ನು ಓದಲಿ. ಆ ತಾಯಂದಿರ ಸಲುವಾಗಿಯೇ ಬೆಳಗಿನ ಕಾರ್ಯಕ್ರಮ ಹತ್ತೂವರೆಗೆ ಇಟ್ಟೆವು, ಸಭಾಂಗಣದ ಪಕ್ಕದ ಒಂದು ಕೊಠಡಿಯನ್ನು ಮಕ್ಕಳಿಗಾಗಿ ಬಿಡಿಸಿಕೊಂಡೆವು. ನಾಲ್ವರು ಮಕ್ಕಳು ಬಂದಿದ್ದರು. ಆ ಕೊಠಡಿ ಇಲ್ಲದಿದ್ದರೆ ಆ ನಾಲ್ವರ ತಾಯಂದಿರು ಬರುತ್ತಿರಲಿಲ್ಲ.

ಫ್ಲೆಕ್ಸ್ ಹಾಕಿಸಲಿಲ್ಲ. ವಾರಕ್ಕೊಮ್ಮೆ ಒಂದು ನಿಮಿಷದ ಧ್ವನಿ ಸಂದೇಶವನ್ನು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆವು. ಅದರಲ್ಲಿ ಮಾತನಾಡಿದವರು ಅಧಿಕಾರಿಗಳಲ್ಲ. ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು, ಒಬ್ಬ ಪಿಡಿಒ, ಒಬ್ಬ ಕಿರಿಯ ಆರೋಗ್ಯ ಸಹಾಯಕಿ ತಾವು ಬಗೆಹರಿಸಿದ ಒಂದು ತೊಡಕನ್ನು ತಮ್ಮ ಮಾತಿನಲ್ಲೇ ಹೇಳಿದರು. ಓದುವಷ್ಟು ಬಿಡುವಿಲ್ಲದವರು ಕೇಳುತ್ತಾರೆ. ಗುಂಪುಗಳಿಗೆ ಉದ್ದನೆಯ ಪಿಡಿಎಫ್ ಕಳಿಸಿದರೆ ಅದನ್ನು ತೆರೆಯುವವರು ಕಡಿಮೆ, ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಪತ್ರಿಕೆಗಳಿಗೆ ಒಂದು ಸಣ್ಣ ಪ್ರಕಟಣೆ ವಾರ್ತಾ ಇಲಾಖೆಯ ಮೂಲಕ ಹೋಯಿತು, ಅಷ್ಟೇ. ಸಾಮಾಜಿಕ ಜಾಲತಾಣದಲ್ಲಿ ಹೆಚ್ಚು ಪ್ರಚಾರ ಮಾಡೋಣ ಎಂದು ಕಿರಿಯ ಸಹೋದ್ಯೋಗಿಗಳು ಉತ್ಸಾಹ ತೋರಿದರು. 2021ರ ನಡತೆ ನಿಯಮಗಳ ಅಡಿಯಲ್ಲಿ ಬರುವ ನೌಕರರು ತಮ್ಮ ಕಚೇರಿಯ ಕೊರತೆಗಳನ್ನು ಮುಕ್ತವಾಗಿ ಮಾತನಾಡಲಿದ್ದಾರೆ, ಆ ಮಾತು ಹೊರಗೆ ಹೋದರೆ ತೊಂದರೆ ಅವರಿಗೆ ಎಂದು ವಿವರಿಸಿದಾಗ ಅವರೂ ಒಪ್ಪಿದರು.

ಹಣದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಹೋಟೆಲ್ಲಿನ ಬದಲು ಸರ್ಕಾರಿ ಕಾಲೇಜಿನ ಸಭಾಂಗಣ ಸಿಕ್ಕಿದ್ದರಿಂದ ಖರ್ಚು ಊಟ, ಮುದ್ರಣ, ಮೇಜುಗಳ ಬಾಡಿಗೆಗೆ ಸೀಮಿತವಾಯಿತು. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕೆಟಿಪಿಪಿ ಕಾಯ್ದೆ ಪಾಲಿಸಿ, ದರಪಟ್ಟಿ ಪಡೆದು, ಆಡಳಿತಾತ್ಮಕ ಅನುಮೋದನೆಯ ನಂತರವೇ ಮುಂದುವರಿದೆವು. ತರಬೇತಿ ಕೊಡುವವರ ಕಡತವೇ ಸರಿಯಿಲ್ಲದಿದ್ದರೆ ಯಾರಿಗೂ ಏನೂ ಕಲಿಸಲಾಗದು. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಬಹುದು ಎಂಬ ಸುತ್ತೋಲೆ ಬಂದಿತ್ತಲ್ಲ, ಅದನ್ನು ಅಕ್ಷರಶಃ ಪಾಲಿಸಿದ್ದರಿಂದ ಸಮಯವೂ ಉಳಿಯಿತು. ಊಟದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಗಣ್ಯರಿಗೆ ಬೇರೆ ಕೊಠಡಿ, ಬೇರೆ ತಟ್ಟೆ ಬೇಡ, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ, ಮಜ್ಜಿಗೆ ಬಡಿಸಿಕೊಳ್ಳಬೇಕು ಎಂದು ಮೊದಲೇ ಕೇಳಿಕೊಂಡೆ. ಜಿಲ್ಲಾ ಮಟ್ಟದ ಅಧಿಕಾರಿಗಳು ಸಂತೋಷದಿಂದ ಒಪ್ಪಿದರು. ಆ ಸಾಲಿನಲ್ಲಿ ನಡೆದ ಮಾತುಕತೆ ವೇದಿಕೆಯಲ್ಲಿ ನಡೆದದ್ದಕ್ಕಿಂತ ಕಡಿಮೆ ಬೆಲೆಯದಲ್ಲ.

ಉದ್ಘಾಟನೆ ಮೂವತ್ತು ನಿಮಿಷಕ್ಕೆ ಮುಗಿಯಿತು. ನಾಡಗೀತೆ, ಸ್ವಾಗತ, ಒಂದೇ ಒಂದು ಭಾಷಣ. ಮುಂದಿನ ಗೋಷ್ಠಿಗೆ ನಾವು ಅಬ್ದುಲ್ ನಜೀರ್ ಸಾಬರ ಕಥೆಯನ್ನು ಇಟ್ಟಿದ್ದೆವು. ಗುಂಡ್ಲುಪೇಟೆಯ ಆ ಮನುಷ್ಯ ಎಂಬತ್ತರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡದ್ದು, 1983ರ ಪಂಚಾಯತ್ ರಾಜ್ ಶಾಸನದ ಮೂಲಕ ಅಧಿಕಾರವನ್ನು ಮಂಡಲ ಪಂಚಾಯಿತಿಗಳಿಗೆ ಇಳಿಸಲು ಹೆಣಗಿದ್ದು ಹಿರಿಯರಿಗೆ ಗೊತ್ತು. ಪಿಡಿಒಗಳಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಅವರ ಹೆಸರೇ ಇದೆ. ಆದರೂ ಇಂದಿನ ಕಿರಿಯ ನೌಕರರಲ್ಲಿ ಅನೇಕರಿಗೆ ಅದು ಬರೀ ಸಂಸ್ಥೆಯ ಹೆಸರು. ಮೇಲಿನವರು ಅಧಿಕಾರವನ್ನು ಕೆಳಗಿಳಿಸುವುದಕ್ಕೆ ಎಷ್ಟು ಧೈರ್ಯ ಬೇಕೋ, ಇಳಿದುಬಂದ ಅಧಿಕಾರವನ್ನು ಅಂಜದೆ ಬಳಸುವುದಕ್ಕೂ ಅಷ್ಟೇ ಧೈರ್ಯ ಬೇಕು ಎಂದು ಆ ಗೋಷ್ಠಿಯಲ್ಲಿ ಒಬ್ಬ ಪಿಡಿಒ ಎದ್ದು ನಿಂತು ಹೇಳಿದರು. ಅದರ ಮೇಲೆ ನಾವು ಏನನ್ನೂ ಸೇರಿಸಲಿಲ್ಲ.

ಮಧ್ಯಾಹ್ನ ಮೇಜುಗಳಲ್ಲಿ ಚರ್ಚೆ ನಡೆಯುವಾಗ ನಾನು ಗೋಡೆಗೆ ಒರಗಿ ಒಂಬತ್ತನೆಯ ಮೇಜಿನ ಮಾತು ಕೇಳುತ್ತಿದ್ದೆ. ಅಲ್ಲಿಯ ಅಂಗನವಾಡಿ ಮೇಲ್ವಿಚಾರಕಿ, ಒಂದು ಹಳ್ಳಿಯಲ್ಲಿ ಹೊಸ ಅಂಗನವಾಡಿ ಕಟ್ಟಡ ಮುಗಿದು ಹದಿನಾಲ್ಕು ತಿಂಗಳಾದರೂ ವಿದ್ಯುತ್ ಸಂಪರ್ಕ ಸಿಗದೆ ಮಕ್ಕಳು ಇನ್ನೂ ಹಳೆಯ ಬಾಡಿಗೆ ಮನೆಯಲ್ಲೇ ಇದ್ದಾರೆ ಎಂದರು. ಎದುರಿಗಿದ್ದ ಪಿಡಿಒ ತಲೆಯೆತ್ತಿ, ‘ಮೇಡಂ, ಕನೆಕ್ಷನ್ನಿಗೆ ಅರ್ಜಿ ನಿಮ್ಮ ಇಲಾಖೆಯಿಂದ ಹೋಗಬೇಕಲ್ಲ, ಹೋಗಿದೆ ಅಂದುಕೊಂಡಿದ್ದೆ’ ಎಂದರು. ಪಂಚಾಯಿತಿಯೇ ಕಟ್ಟಡ ಕಟ್ಟಿಸಿದ್ದರಿಂದ ಪಂಚಾಯಿತಿಯೇ ಅರ್ಜಿ ಹಾಕುತ್ತದೆ ಎಂದು ಮೇಲ್ವಿಚಾರಕಿ ತಿಳಿದಿದ್ದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಶಾಖಾಧಿಕಾರಿ ಫೋನ್ ತೆಗೆದು ತಮ್ಮ ಕಚೇರಿಗೆ ಕರೆ ಮಾಡಿ ವಿಚಾರಿಸಿದರು. ಅರ್ಜಿ ಬಂದಿತ್ತು. ಗುತ್ತಿಗೆದಾರರು ಹಾಕಿದ್ದ ಆ ಅರ್ಜಿಗೆ ಠೇವಣಿ ಕಟ್ಟಿರಲಿಲ್ಲ, ಕಟ್ಟುವಂತೆ ಕಳಿಸಿದ ಪತ್ರ ಗುತ್ತಿಗೆದಾರರ ವಿಳಾಸಕ್ಕೇ ಹೋಗಿತ್ತು. ಕಟ್ಟಬೇಕಿದ್ದ ಹಣ ಪಂಚಾಯಿತಿಗೆ ಭಾರವಾಗುವಷ್ಟು ದೊಡ್ಡದೇನೂ ಆಗಿರಲಿಲ್ಲ. ಮೂವರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಪಿಡಿಒ ತಮ್ಮ ಡೈರಿಯ ಒಂದು ಹಾಳೆ ಹರಿದು, ‘ಸರ್, ನೀವು ಡಿಮಾಂಡ್ ನೋಟ್ ನನ್ನ ಹೆಸರಿಗೆ ಕೊಡಿ, ಶುಕ್ರವಾರದೊಳಗೆ ಕಟ್ಟಿಸ್ತೀನಿ’ ಎಂದು ಬರೆದುಕೊಂಡರು. ಈ ಮೂವರಲ್ಲಿ ಯಾರೂ ಸೋಮಾರಿಗಳಲ್ಲ, ಯಾರೂ ಹೊಣೆ ತಪ್ಪಿಸಿಕೊಂಡವರಲ್ಲ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಎದುರುಬದುರು ಕೂತಿರಲಿಲ್ಲ, ಅಷ್ಟೇ.

ಎರಡನೆಯ ದಿನ ಬೆಳಿಗ್ಗೆಯ ಗೋಷ್ಠಿಯನ್ನು ಕ್ಯಾಮೆರಾ ಇಲ್ಲದೆ, ಮೊಬೈಲುಗಳನ್ನು ಹೊರಗಿಟ್ಟು ನಡೆಸಿದೆವು. ತಾವು ಮಾಡಿದ ಒಂದು ತಪ್ಪು ತೀರ್ಮಾನವನ್ನು, ಅದರಿಂದ ಯಾರಿಗೆ ತೊಂದರೆಯಾಯಿತು ಎಂಬುದನ್ನು ಹೇಳಲು ಮನಸ್ಸಿದ್ದವರಿಗೆ ಮಾತ್ರ ಅವಕಾಶ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಮೊದಲು ಮಾತನಾಡಿದವರು ಜಿಲ್ಲಾ ಮಟ್ಟದ ಹಿರಿಯ ಅಧಿಕಾರಿಯೊಬ್ಬರು, ಅವರು ಮುಗಿಸುವಷ್ಟರಲ್ಲಿ ಉಳಿದವರ ಅಂಜಿಕೆ ಕರಗಿತ್ತು ಎಂಬುದನ್ನಷ್ಟೇ ಹೇಳಬಲ್ಲೆ. ಇಂಥ ಗೋಷ್ಠಿ ಏರ್ಪಡಿಸುವವರು ಮೊದಲು ಮಾತನಾಡಲು ಹಿರಿಯರನ್ನೇ ಒಪ್ಪಿಸಬೇಕು. ಕಿರಿಯರಿಂದ ಆರಂಭಿಸಿದರೆ ಅದು ವಿಚಾರಣೆಯಾಗಿಬಿಡುತ್ತದೆ.

ಸಮ್ಮೇಳನ ಮುಗಿದ ಮೇಲಿನ ಕೆಲಸಕ್ಕೆ ನಮ್ಮ ನಾಡಿನಲ್ಲೇ ಹಳೆಯ ಮಾದರಿಯೊಂದಿದೆ. 1911ರಲ್ಲಿ ವಿಶ್ವೇಶ್ವರಯ್ಯನವರು, ಆಗಿನ್ನೂ ದಿವಾನರಾಗಿರಲಿಲ್ಲ, ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನವನ್ನು ಆರಂಭಿಸಲು ಕಾರಣರಾದರು. ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಟ್ಟಿಗೆ ಕೂತ ಆ ಸಮ್ಮೇಳನದ ಶಕ್ತಿ ಅಧಿವೇಶನದ ಭಾಷಣಗಳಲ್ಲಿರಲಿಲ್ಲ. ಕೃಷಿ, ಶಿಕ್ಷಣ, ಕೈಗಾರಿಕೆಗಳಿಗೆ ಬೇರೆ ಬೇರೆ ಸಮಿತಿಗಳಿದ್ದು ಎರಡು ಅಧಿವೇಶನಗಳ ನಡುವೆ ಅವು ಕೆಲಸ ಮಾಡುತ್ತಿದ್ದವು. ಸಮ್ಮೇಳನಕ್ಕೂ ಸಮಾರಂಭಕ್ಕೂ ಇರುವ ವ್ಯತ್ಯಾಸ ಅದೇ ಎಂದು ನನಗೆ ತೋರುತ್ತದೆ. ನಾವು ಅಷ್ಟು ದೊಡ್ಡದನ್ನು ಮಾಡಲಾರೆವು. ಪ್ರತಿ ಮೇಜೂ ತೊಂಬತ್ತು ದಿನಗಳಲ್ಲಿ ಮುಗಿಸಬಹುದಾದ ಒಂದೇ ಒಂದು ಕೆಲಸವನ್ನು ಆರಿಸಿ ಬರೆದುಕೊಡಬೇಕು, ಆ ಹೋಬಳಿಯ ಹತ್ತು ಮಂದಿ ತಿಂಗಳಿಗೊಮ್ಮೆ ಯಾವುದಾದರೂ ಒಬ್ಬರ ಕಚೇರಿಯಲ್ಲಿ ಒಂದು ಗಂಟೆ ಸೇರಬೇಕು ಎಂದು ಕೇಳಿಕೊಂಡೆವು. ಆದೇಶ ಮಾಡಲಿಲ್ಲ. ಮೊದಲ ವರ್ಷ 22 ಮೇಜುಗಳಲ್ಲಿ 13 ತಮ್ಮ ಕೆಲಸ ಮುಗಿಸಿದವು, ನಾಲ್ಕು ಅರ್ಧಕ್ಕೆ ನಿಂತವು, ಐದು ಹೋಬಳಿಗಳಲ್ಲಿ ಎರಡನೆಯ ಸಭೆಯೇ ನಡೆಯಲಿಲ್ಲ. ಆ ಐದರಲ್ಲಿ ಮೂರರಲ್ಲಿ ಪ್ರಮುಖರು ವರ್ಗವಾಗಿದ್ದರು. ಮರುವರ್ಷ ವರ್ಗವಾಗಿ ಬಂದವರಿಗೆ ಹಳೆಯ ಮೇಜಿನ ಕಾಗದವನ್ನೂ ಜೊತೆಯವರ ಹೆಸರುಗಳನ್ನೂ ತಲುಪಿಸುವ ವ್ಯವಸ್ಥೆ ಮಾಡಿದೆವು. ಸರ್ಕಾರಿ ನೌಕರರ ತರಬೇತಿಗಾಗಿ ಕೇಂದ್ರದ ಮಿಷನ್ ಕರ್ಮಯೋಗಿ ಯೋಜನೆ 2020ರಲ್ಲಿ ಬಂದ ಮೇಲೆ ಆನ್‌ಲೈನ್ ಪಾಠಗಳು ಬೇಕಾದಷ್ಟು ಸಿಗುತ್ತಿವೆ, ಅವುಗಳಿಂದ ಪ್ರಯೋಜನವೂ ಇದೆ. ಆದರೆ ನಮ್ಮ ಹೋಬಳಿಯ ಶಾಖಾಧಿಕಾರಿ ಯಾರು ಎಂಬುದನ್ನು ಯಾವ ಆನ್‌ಲೈನ್ ಪಾಠವೂ ಪರಿಚಯಿಸುವುದಿಲ್ಲ.

ವಾರ್ಡನ್‌ಗಳ ವಿಷಯದಲ್ಲಿ ನಾವು ಎರಡೂ ವರ್ಷ ಸೋತಿದ್ದೇವೆ. ಮಕ್ಕಳನ್ನು ರಾತ್ರಿ ಬಿಟ್ಟು ಬರಲಾಗದ ಕಾರಣ ಅವರಲ್ಲಿ ಹೆಚ್ಚಿನವರು ಮೊದಲ ದಿನ ಸಂಜೆಯೇ ಹೊರಡುತ್ತಾರೆ, ಎರಡನೆಯ ದಿನ ಅವರ ಕುರ್ಚಿ ಖಾಲಿ ಇರುತ್ತದೆ. ಕಾರ್ಡುಗಳಲ್ಲಿ ಅತಿ ಹೆಚ್ಚು ನೋವು ಕಂಡದ್ದು ಅವರ ಬರಹದಲ್ಲೇ. ಆದ್ದರಿಂದ ಈ ಬಾರಿ ಅವರಿಗಾಗಿ ಒಂದು ಹಗಲನ್ನು ಬೇರೆಯಾಗಿ, ಒಂದು ವಿದ್ಯಾರ್ಥಿನಿಲಯದಲ್ಲೇ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ನಡೆಸಬೇಕೆಂದು ಟಿಪ್ಪಣಿ ಮಂಡಿಸಿದ್ದೇನೆ. ಅವರ ಆಹಾರ ಬಿಲ್ಲುಗಳು ತಡವಾಗುವ ಬಗ್ಗೆ ಮಾತನಾಡಲು ಖಜಾನೆಯಿಂದಲೂ ಒಬ್ಬರು ಬರಬೇಕೆಂದು ಕೇಳಿದ್ದೇನೆ. ಕಡತ ಮೇಲೆ ಹೋಗಿದೆ. ಹೊಸ ಕಾರ್ಡುಗಳು ಮುದ್ರಣವಾಗಿ ಬಂದಿವೆ, ಸೋಮವಾರದಿಂದ ತಾಲ್ಲೂಕುಗಳಿಗೆ ಹೋಗುತ್ತವೆ.